ನಂಚಿಕೊಳ್ಳಲು ಏನಿದೆ?

ಊಟಕ್ಕೆ ಕುಳಿತ ಕೂಡಲೇ "ನಂಚಿಕೊಳ್ಳಲು ಏನಿದೆ?" ಎಂದು ಕೇಳುವುದು ನನ್ನ ಹಳೆಯ ಚಾಳಿ. ಅನ್ನ, ಸಾರು, ಪಲ್ಯ ಎಲ್ಲವೂ ಬಡಿಸಿದ್ದರೂ ತಟ್ಟೆಯ ಅಂಚಿನಲ್ಲಿ ಒಂದಿಷ್ಟು ಉಪ್ಪಿನಕಾಯಿಯೋ ಚಟ್ನಿಪುಡಿಯೋ ಇಲ್ಲದಿದ್ದರೆ ಊಟ ಆರಂಭವಾದಂತೆ ಅನ್ನಿಸುವುದಿಲ್ಲ. ಕನ್ನಡದಲ್ಲಿ ಇದಕ್ಕೆಂದೇ ಒಂದು ಕ್ರಿಯಾಪದವಿರುವುದು ಎಷ್ಟು ಸೊಗಸು! ನಂಚಿಕೊಳ್ಳುವುದೆಂದರೆ ಕಲಸುವುದಲ್ಲ, ಬರಿದೇ ನೆಕ್ಕುವುದೂ ಅಲ್ಲ. ಮುಖ್ಯ ಆಹಾರದ ತುತ್ತಿಗೆ ತುಸು ತಗುಲಿಸಿಕೊಂಡು ಅದನ್ನು ನಮ್ಮ ನಾಲಿಗೆಗೆ ಒಪ್ಪುವಂತೆ ಮಾಡಿಕೊಳ್ಳುವುದು.

ನಾನು ಶಿಕಾರಿಪುರ ತಾಲ್ಲೂಕಿನ ಉತ್ತರದ ಕಡೆಯವನು, ಹಿರೇಕೆರೂರಿನ ಗಡಿಗೆ ಹತ್ತಿರದ ಹಳ್ಳಿ. ನನ್ನಾಕೆ ಸೊರಬ ತಾಲ್ಲೂಕಿನ ಚಂದ್ರಗುತ್ತಿ ಕಡೆಯವಳು. ಭೂಪಟದಲ್ಲಿ ಅಕ್ಕಪಕ್ಕದ ತಾಲ್ಲೂಕುಗಳು. ಆದರೆ ಅಡುಗೆಮನೆಯಲ್ಲಿ ಅವೆರಡೂ ಬೇರೆ ಬೇರೆ ರಾಜ್ಯಗಳೆಂಬುದು ಮದುವೆಯಾದ ಮೇಲೆ ತಿಳಿಯಿತು. ನಮ್ಮದು ಅರೆಮಲೆನಾಡು, ಜೋಳದ ರೊಟ್ಟಿ, ಗುರೆಳ್ಳು ಪುಡಿ, ಶೇಂಗಾ ಚಟ್ನಿ, ಕೆಂಪು ಮೆಣಸಿನಕಾಯಿಯ ಖಾರ. ಅವರದು ಅಡಿಕೆ ತೋಟದ ನೆರಳಿನ ಊಟ. ಅಕ್ಕಿರೊಟ್ಟಿ, ತಂಬುಳಿ, ಅಪ್ಪೆಮಿಡಿ, ಜೋನಿಬೆಲ್ಲ.

ಮದುವೆಯಾದ ಹೊಸದರಲ್ಲಿ ಮಾವನ ಮನೆಗೆ ಹೋಗಿದ್ದಾಗ ಬೆಳಿಗ್ಗೆ ಬಿಸಿ ದೋಸೆ ಬಂತು. ಅದರ ಬೆನ್ನಿಗೇ ಅತ್ತೆಯವರು ಜೋನಿಬೆಲ್ಲವನ್ನು ಧಾರೆಯಾಗಿ ಸುರಿದು ಮೇಲೊಂದು ಚಮಚ ತುಪ್ಪ ಹಾಕಿದರು. ಆಲೆಮನೆಯಿಂದ ಆಗಷ್ಟೇ ಬಂದಿದ್ದ ಬೆಲ್ಲ. ನಾನು ಒಂದು ತುತ್ತು ತಿಂದು, ಸಂಕೋಚವಿಲ್ಲದೆ, "ಚಟ್ನಿಪುಡಿ ಇಲ್ಲವೇ?" ಎಂದುಬಿಟ್ಟೆ. ಅತ್ತೆಯವರ ಮುಖ ಸಣ್ಣದಾಯಿತು. ಮುಂದಿನ ವಾರ ನಮ್ಮ ಮನೆಯಲ್ಲಿ ನನ್ನಾಕೆ ಅದಕ್ಕೆ ಬಡ್ಡಿ ಸಮೇತ ಉತ್ತರ ಕೊಟ್ಟಳು. ಅಮ್ಮ ಬಡಿಸಿದ ಗುರೆಳ್ಳು ಪುಡಿಯನ್ನು ನೋಡಿ, ಯಾರಿಗೂ ಕೇಳದಂತೆ, "ಇದೇನ್ರೀ, ಒಲೆಯ ಮಸಿಯ ಹಾಗಿದೆ!" ಎಂದಳು. ಆ ವ್ಯಾಜ್ಯ ಮೂವತ್ತೊಂಬತ್ತು ವರ್ಷಗಳಿಂದ ನಡೆಯುತ್ತಿದೆ. ಇಂದಿಗೂ ನಮ್ಮ ಮನೆಯಲ್ಲಿ ದೋಸೆಯ ದಿನ ಎರಡು ಡಬ್ಬಿಗಳು ಹೊರಗೆ ಬರುತ್ತವೆ.

ಇಂಥ ವಿಷಯಗಳಲ್ಲಿ ನನಗೆ ನನ್ನ ಮೇಲೆ ಅತಿಯಾದ ವಿಶ್ವಾಸವಿತ್ತು. ಎಷ್ಟಾದರೂ ವಿಜ್ಞಾನದ ಮೇಷ್ಟ್ರಲ್ಲವೇ! ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು, ನಾಲಿಗೆಯ ಚಿತ್ರವನ್ನು ಕಪ್ಪುಹಲಗೆಯ ಮೇಲೆ ದೊಡ್ಡದಾಗಿ ಬರೆದು, ತುದಿಯಲ್ಲಿ ಸಿಹಿ, ಬದಿಗಳಲ್ಲಿ ಉಪ್ಪು ಮತ್ತು ಹುಳಿ, ಹಿಂಭಾಗದಲ್ಲಿ ಕಹಿ ಎಂದು ಬಣ್ಣದ ಸೀಮೆಸುಣ್ಣದಲ್ಲಿ ಗುರುತಿಸುತ್ತಿದ್ದೆ. ನೀವೂ ಹಾಗೆಯೇ ಬರೆದು ಅಂಕ ಪಡೆದಿರಿ. ಆ ನಕ್ಷೆ ತಪ್ಪು. ಜರ್ಮನಿಯ ವಿಜ್ಞಾನಿಯೊಬ್ಬರು 1901ರಲ್ಲಿ ಪ್ರಕಟಿಸಿದ ಪ್ರಯೋಗವೊಂದನ್ನು ಮುಂದಿನವರು ಸರಿಯಾಗಿ ಅರ್ಥಮಾಡಿಕೊಳ್ಳದೆ ಹುಟ್ಟಿದ ನಕ್ಷೆ ಅದು. ರುಚಿಮೊಗ್ಗುಗಳಿರುವ ಕಡೆಯಲ್ಲೆಲ್ಲ ನಾಲಿಗೆ ಎಲ್ಲ ರುಚಿಗಳನ್ನೂ ಅರಿಯಬಲ್ಲದು. ಒಂದು ಚಿಟಿಕೆ ಸಕ್ಕರೆಯನ್ನು ನಾಲಿಗೆಯ ಬದಿಗಿಟ್ಟುಕೊಂಡು ಪರೀಕ್ಷಿಸಿದ್ದರೆ ಅಂದೇ ಗೊತ್ತಾಗುತ್ತಿತ್ತು. ನಾನು ಪರೀಕ್ಷಿಸಲಿಲ್ಲ, ಪುಸ್ತಕದಲ್ಲಿತ್ತು, ಕಲಿಸಿದೆ. ಈ ತಪ್ಪಿಗೆ ಕ್ಷಮೆಯಿರಲಿ. ಆದರೆ ನಾನು ಇಂದು ಹೇಳಹೊರಟಿರುವ ತಪ್ಪು ಇದಲ್ಲ.

ಕಳೆದ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಮಗಳ ಮನೆಯಲ್ಲಿದ್ದೆವು. ಒಂದು ಸಂಜೆ ಮೊಮ್ಮಗಳಿಗಾಗಿ ಪಿಜ್ಜಾ ತರಿಸಿದರು. ಪಿಜ್ಜಾ ನನಗೆ ತೀರ ಅಪರಿಚಿತವೇನಲ್ಲ. ಅದು ದಪ್ಪ ರೊಟ್ಟಿಯ ಮೇಲೆ ನಂಚಿಕೊಳ್ಳುವ ಪದಾರ್ಥಗಳನ್ನು ಮೊದಲೇ ಅಂಟಿಸಿ ಬೇಯಿಸಿದ ತಿಂಡಿ ಎಂಬುದು ನನ್ನ ವ್ಯಾಖ್ಯಾನ. ಜೊತೆಗೆ ಬರುವ ಒಣಮೆಣಸಿನಕಾಯಿ ಚೂರಿನ ಪೊಟ್ಟಣಗಳನ್ನು ಎರಡಲ್ಲ, ಮೂರು ಒಡೆದು ಸುರಿದುಕೊಂಡರೆ ನನಗೆ ಅದು ಸಹ್ಯ. ಮೊಮ್ಮಗಳ ಡಬ್ಬದಲ್ಲಿ ಮಾತ್ರ ಅನಾನಸಿನ ಹೋಳುಗಳಿದ್ದವು. ನಾನು ನಕ್ಕು, "ಇದನ್ನು ಮನುಷ್ಯರು ತಿನ್ನುತ್ತಾರೇನೇ? ರೊಟ್ಟಿಗೆ ಯಾರಾದರೂ ಅನಾನಸು ಹಾಕುತ್ತಾರೆಯೇ?" ಎಂದೆ. ಎಲ್ಲರೂ ನಕ್ಕರು. ಮಗು ನಗಲಿಲ್ಲ. ರಟ್ಟಿನ ಡಬ್ಬದ ಮುಚ್ಚಳವನ್ನು ಅರ್ಧ ಮುಚ್ಚಿ, ನನ್ನ ಕಡೆಗೆ ಬೆನ್ನು ಮಾಡಿ, ಕೈಯನ್ನು ಅಡ್ಡ ಹಿಡಿದು ತಿನ್ನತೊಡಗಿತು.

ಆ ಕೈ ಅಡ್ಡ ಹಿಡಿದ ಭಂಗಿಯನ್ನು ನಾನು ಹಿಂದೆ ಒಮ್ಮೆ ನೋಡಿದ್ದೆ.

ಅದು 1987 ಅಥವಾ 88. ಸೊರಬ ತಾಲ್ಲೂಕಿನ ಒಂದು ಹೈಸ್ಕೂಲು. ನನ್ನ ಸೇವೆಯ ಮೊದಲ ವರ್ಷಗಳು. ಶಾಲೆಗಳಿಗೆ ಬಿಸಿಯೂಟ ಬಂದಿದ್ದು 2002ರಿಂದೀಚೆಗೆ, ಹೈಸ್ಕೂಲುಗಳಿಗೆ ಇನ್ನೂ ತಡವಾಗಿ. ಆಗ ದೂರದ ಹಳ್ಳಿಗಳ ಮಕ್ಕಳು ಬುತ್ತಿ ತಂದು ಜಗುಲಿಯಲ್ಲಿ ಸಾಲಾಗಿ ಕುಳಿತು ಉಣ್ಣುತ್ತಿದ್ದರು. ನಾನು ಕೈತೊಳೆಯಲು ಹೋಗುತ್ತಾ ಒಬ್ಬ ಹುಡುಗನ ಅಲ್ಯೂಮಿನಿಯಂ ಡಬ್ಬಿಯಲ್ಲಿ ಇಣುಕಿದೆ. ತಣ್ಣನೆಯ ಅಕ್ಕಿರೊಟ್ಟಿ, ಅದರ ಮೇಲೆ ಉಪ್ಪು ಮತ್ತು ಮೆಣಸಿನಪುಡಿ ಸವರಿದ ಅನಾನಸಿನ ನಾಲ್ಕು ಹೋಳು. "ಏನೋ ಇದು, ರೊಟ್ಟಿಗೆ ಅನಾನಸು! ಯಾವ ಅರಮನೆಯ ಊಟವೋ?" ಎಂದೆ. ಇಡೀ ಜಗುಲಿ ಗೊಳ್ಳೆಂದಿತು. ನನ್ನ ಹಾಸ್ಯಪ್ರಜ್ಞೆಯ ಬಗ್ಗೆ ನನಗೇ ಸಂತೋಷವಾಯಿತು. ಹುಡುಗ ಮುಚ್ಚಳವನ್ನು ಅರ್ಧ ಮುಚ್ಚಿ, ಕೈ ಅಡ್ಡ ಹಿಡಿದು, ತಲೆ ತಗ್ಗಿಸಿ ಉಂಡ.

ಮರುದಿನದಿಂದ ಅವನ ಹೆಸರು ಅನಾನಸು ಎಂದಾಯಿತು. ಎಸ್‌ಎಸ್‌ಎಲ್‌ಸಿ ಮುಗಿಯುವವರೆಗೂ ಅದೇ ಹೆಸರು. ಅವನು ಜಗುಲಿಗೆ ಬರುವುದನ್ನು ಬಿಟ್ಟ. ಶಾಲೆಯ ಹಿಂದಿನ ಹಲಸಿನ ಮರದ ಕಡೆಗೆ ಹೋಗುತ್ತಿದ್ದ. ಅಲ್ಲಿ ಉಣ್ಣುತ್ತಿದ್ದನೋ ಸುಮ್ಮನೆ ಕೂರುತ್ತಿದ್ದನೋ ನಾನು ನೋಡಹೋಗಲಿಲ್ಲ. ಗಮನಿಸಿದ್ದೆ ಎಂಬುದನ್ನು ಮಾತ್ರ ಒಪ್ಪಿಕೊಳ್ಳಲೇಬೇಕು. ಗಮನಿಸಿಯೂ ಒಂದು ಮಾತು ಆಡಲಿಲ್ಲ.

ಅನಾನಸು ಏಕೆ ಎಂದು ಅಂದು ನಾನು ಕೇಳಿಕೊಂಡಿದ್ದರೆ ಉತ್ತರ ಕಷ್ಟವಿರಲಿಲ್ಲ. ಚಟ್ನಿಗೆ ಕಾಯಿ ಬೇಕು, ಪಲ್ಯಕ್ಕೆ ಎಣ್ಣೆ ಬೇಕು. ಅನಾನಸು ಬೇಲಿಯ ಬುಡದಲ್ಲಿ ಯಾರ ಆರೈಕೆಯೂ ಇಲ್ಲದೆ ಬೆಳೆಯುತ್ತಿತ್ತು. ಇಂದು ಸೊರಬದ ಕಡೆಯಿಂದ ಬನವಾಸಿಯವರೆಗೆ ಹೊಲ ಹೊಲವೇ ಅನಾನಸು. ಕೇರಳದಿಂದ ಬಂದವರೂ ಜಮೀನು ಗುತ್ತಿಗೆ ಹಿಡಿದು ಬೆಳೆಯುತ್ತಾರೆ, ಲಾರಿಗಟ್ಟಲೆ ಉತ್ತರ ಭಾರತಕ್ಕೆ ಹೋಗುತ್ತದೆ. ಅಂದು ಅದು ಕಾಸಿಲ್ಲದವರ ಹಣ್ಣು. ಇನ್ನು ಉಪ್ಪು ಸವರಿದ್ದು? ಉಪ್ಪು ಕಹಿಯನ್ನು ಅಡಗಿಸಿ ಸಿಹಿಯನ್ನು ಎತ್ತಿ ತೋರಿಸುತ್ತದೆ ಎಂಬುದು ವಿಜ್ಞಾನದ ಮೇಷ್ಟ್ರಿಗಿಂತ ಆ ಹುಡುಗನ ತಾಯಿಗೆ ಚೆನ್ನಾಗಿ ಗೊತ್ತಿತ್ತು. ಅಷ್ಟೇಕೆ, ಮದುವೆ ಮನೆಗಳಲ್ಲಿ ಬೆಲ್ಲ, ಹುಣಸೆ, ಎಳ್ಳು, ಮೆಣಸಿನಕಾಯಿ ಹಾಕಿದ ಅನಾನಸಿನ ಗೊಜ್ಜನ್ನು ನಾನೇ ಮೂರು ಬಾರಿ ಹಾಕಿಸಿಕೊಂಡು ಉಂಡವನು! ಬಾಳೆಲೆಯ ಮೇಲೆ ಅದು ಗೊಜ್ಜು, ಅಲ್ಯೂಮಿನಿಯಂ ಡಬ್ಬಿಯಲ್ಲಿ ಅದೇ ಹಣ್ಣು ನನಗೆ ನಗೆಯಾಯಿತು.

ಪಿಜ್ಜಾದ ಸಂಜೆಯ ನಂತರ ಅಳಿಯಂದಿರು ನನ್ನ ಕಡೆಯ ವಕೀಲರಾಗಿ ಒಂದು ಕಥೆ ಹೇಳಿದರು. ಪಿಜ್ಜಾಕ್ಕೆ ಅನಾನಸು ಹಾಕುವುದನ್ನು ಆರಂಭಿಸಿದವರು ಕೆನಡಾದ ಚಾಥಮ್ ಎಂಬ ಊರಿನಲ್ಲಿ ಹೋಟೆಲು ನಡೆಸುತ್ತಿದ್ದ, ಗ್ರೀಸ್ ಮೂಲದ ಸ್ಯಾಮ್ ಪನೋಪೌಲೋಸ್ ಎನ್ನುವವರಂತೆ, 1962ರಲ್ಲಿ, ಡಬ್ಬಿಯಲ್ಲಿ ಬರುವ ಹಣ್ಣಿನಿಂದ. ಐಸ್‌ಲ್ಯಾಂಡ್ ದೇಶದ ಅಂದಿನ ಅಧ್ಯಕ್ಷ ಗುಡ್ನಿ ಯೋಹಾನೆಸನ್ 2017ರಲ್ಲಿ ಒಂದು ಶಾಲೆಗೆ ಹೋಗಿದ್ದಾಗ ಮಕ್ಕಳು ಈ ಬಗ್ಗೆ ಕೇಳಿದರು. ತಮಗೆ ಸಾಧ್ಯವಿದ್ದರೆ ಅದನ್ನು ನಿಷೇಧಿಸುತ್ತಿದ್ದೆ ಎಂದು ಅವರು ತಮಾಷೆ ಮಾಡಿದರು. ಅದು ಜಗತ್ತಿನಾದ್ಯಂತ ಸುದ್ದಿಯಾಯಿತು. ಆಮೇಲೆ ಅವರು ಸ್ಪಷ್ಟನೆ ಕೊಡಬೇಕಾಯಿತು: ಜನರು ಪಿಜ್ಜಾಕ್ಕೆ ಏನು ಹಾಕಿಕೊಳ್ಳಬಾರದೆಂದು ಕಾನೂನು ಮಾಡುವ ಅಧಿಕಾರ ತಮಗಿಲ್ಲ, ಇಲ್ಲದಿರುವುದೇ ಸಂತೋಷ ಎಂದು.

ಅಳಿಯಂದಿರು ಇದನ್ನು ನಗಿಸಲೆಂದು ಹೇಳಿದ್ದರು. ನನಗೆ ನಗು ಬರಲಿಲ್ಲ. ಒಂದು ದೇಶದ ಅಧ್ಯಕ್ಷನಿಗೆ ಇಲ್ಲದ ಅಧಿಕಾರ ಸೊರಬ ತಾಲ್ಲೂಕಿನ ಜಗುಲಿಯ ಮೇಲೆ ನಿಂತಿದ್ದ, ಇನ್ನೂ ಮೂವತ್ತು ತುಂಬದ ಮೇಷ್ಟ್ರಿಗೆ ಇತ್ತು. ಒಂದು ಮಾತಿನಲ್ಲಿ ನಾನು ಒಬ್ಬ ಹುಡುಗನ ಬುತ್ತಿಯನ್ನು ನಿಷೇಧಿಸಿದ್ದೆ.

ಆ ರಾತ್ರಿ ಇದನ್ನು ನನ್ನಾಕೆಗೆ ಹೇಳಿದೆ. ಇಷ್ಟು ವರ್ಷ ಹೇಳಿರಲಿಲ್ಲ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಅಮ್ಮನಿಗೂ ನೀವು ಹಾಗೆಯೇ ಅಂದಿದ್ದಿರಿ. ಅಮ್ಮ ದೊಡ್ಡವಳು, ತಡೆದುಕೊಂಡಳು" ಎಂದಳು. ಅತ್ತೆಯವರು ಅಂದಿನಿಂದ ನಾನು ಹೋದಾಗಲೆಲ್ಲ ನನಗೆಂದೇ ಖಾರದ ಚಟ್ನಿ ಅರೆದಿಡುತ್ತಿದ್ದರು. ಜೋನಿಬೆಲ್ಲವನ್ನು ಮತ್ತೆಂದೂ ನನ್ನ ತಟ್ಟೆಗೆ ಹಾಕಲಿಲ್ಲ. ಅದನ್ನು ನಾನು ಗೌರವವೆಂದು ತಿಳಿದಿದ್ದೆ. ಅವರು ತೀರಿಕೊಂಡು ಹನ್ನೊಂದು ವರ್ಷವಾಯಿತು.

ಬೆಳಿಗ್ಗೆ ಎದ್ದು ಮೊಮ್ಮಗಳ ಬಳಿ, ಉಳಿದ ಪಿಜ್ಜಾದ ಒಂದು ತುಂಡು ನನಗೂ ಕೊಡುವೆಯಾ ಎಂದು ಕೇಳಿದೆ. ಅವಳು ಅನುಮಾನದಿಂದ ನೋಡಿ, ಅನಾನಸು ಕಡಿಮೆಯಿದ್ದ ತುಂಡನ್ನೇ ಆರಿಸಿ ಕೊಟ್ಟಳು. ರುಚಿ ಹೇಗಿತ್ತು? ನಿಜ ಹೇಳಬೇಕೆಂದರೆ ನನಗೆ ಹಿಡಿಸಲಿಲ್ಲ. ಚೀಸಿಗೂ ಅನಾನಸಿಗೂ ಹೊಂದುವುದಿಲ್ಲವೆಂಬುದು ಈಗಲೂ ನನ್ನ ಅಭಿಪ್ರಾಯ. ಅದನ್ನು ಅವಳ ಮುಂದೆ ಹೇಳಲಿಲ್ಲ. ಇನ್ನೊಂದು ತುಂಡು ಬೇಕೇ ಎಂದಾಗ ಮಾತ್ರ ಹೊಟ್ಟೆ ತುಂಬಿತು ಎಂದೆ.

ಊರಿಗೆ ಮರಳಿದ ಮೇಲೆ ಒಂದು ದಿನ ಆನವಟ್ಟಿಯ ಕಡೆ ಹೋಗಿದ್ದಾಗ ರಸ್ತೆ ಬದಿಯಲ್ಲಿ ಎರಡು ಹಣ್ಣು ಕೊಂಡುತಂದೆ. ನನ್ನಾಕೆ ಗೊಜ್ಜು ಮಾಡಲು ಹೊರಟವಳನ್ನು ತಡೆದು, ಅಕ್ಕಿರೊಟ್ಟಿ ಮಾಡು, ಆದರೆ ಬಿಸಿ ಬೇಡ, ಮಧ್ಯಾಹ್ನದವರೆಗೆ ಮುಚ್ಚಿಡು ಎಂದೆ. ಹಣ್ಣನ್ನು ನಾನೇ ಹೆಚ್ಚಿ ಉಪ್ಪು, ಮೆಣಸಿನಪುಡಿ ಸವರಿದೆ. ಅಡುಗೆಮನೆಯ ಮೆಟ್ಟಿಲ ಮೇಲೆ ಕುಳಿತು ತಿಂದೆ. ತಣ್ಣಗಿನ ರೊಟ್ಟಿ ಸ್ವಲ್ಪ ಗಡುಸಾಗಿರುತ್ತದೆ. ಹಣ್ಣಿನ ರಸ ಅದನ್ನು ಮೆದುವಾಗಿಸುತ್ತದೆ. ಮೊದಲು ಉಪ್ಪು, ಆಮೇಲೆ ಸಿಹಿ, ಕೊನೆಗೆ ಖಾರ. ನಾಲಿಗೆ ಸ್ವಲ್ಪ ಚುರುಗುಟ್ಟುತ್ತದೆ, ಅದು ಹಸಿ ಹಣ್ಣಿನಲ್ಲಿರುವ ಬ್ರೋಮಿಲೇನ್ ಎಂಬ ಕಿಣ್ವದ ಕೆಲಸ, ಬೇಯಿಸಿದರೆ ಹೋಗುತ್ತದೆ. ಬಹಳ ಚೆನ್ನಾಗಿತ್ತು.

ಅಪ್ಪಾ, ನಿನ್ನ ನಿಜವಾದ ಹೆಸರು ನನಗೆ ನೆನಪಿದೆ, ಇಲ್ಲಿ ಬರೆಯುವುದಿಲ್ಲ. ನಿನ್ನ ಸಹಪಾಠಿಗಳು ಇದನ್ನು ಓದುತ್ತಾರೆ, ನೀನೂ ಓದಬಹುದು. ಈ ಕಡೆ ಬಂದರೆ ಮನೆಗೆ ಬಾ. ಮಧ್ಯಾಹ್ನದ ಹೊತ್ತಿಗೆ ಬಂದರೆ ಒಳ್ಳೆಯದು.

ನಾನು ಮೂರನೆಯ ರೊಟ್ಟಿಗೆ ಕೈಹಾಕಿದಾಗ ನನ್ನಾಕೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಗುರೆಳ್ಳು ಪುಡಿ ಬೇಡವೇನ್ರೀ?" ಎಂದಳು. ಬೇಡ ಎಂದೆ.