ಬೂದಿಗುಡ್ಡದಿಂದ ಲೋಹಾಚಲಕ್ಕೆ

ಬಳ್ಳಾರಿ ಎಂದೊಡನೆ ಪರಸ್ಥಳದವರ ಕಣ್ಣಮುಂದೆ ಮೂಡುವುದು ಬಿಸಿಲು, ಬಂಡೆ ಮತ್ತು ಕೆಂಪು ಧೂಳು. ಈ ಊರಿನ ಪಶ್ಚಿಮಕ್ಕೆ ಸುಮಾರು ಅರ್ಧ ದಿನದ ಸೈಕಲ್ ಪಯಣದ ಅಂತರದಲ್ಲಿ ಹಸುರು ಕಣಿವೆಯೊಂದು ಇದೆಯೆಂಬುದನ್ನು ಅವರಿಗೆ ನಂಬಿಸುವುದು ಕಷ್ಟ. ಆದರೆ ಗಾಂಧಿನಗರದ ನಿವಾಸಿಗಳಿಗೆ ಇದು ಹೊಸ ಸಂಗತಿಯಲ್ಲ. ಮಳೆಗಾಲ ಹಿಂದೆಗೆಯುವ ದಿನಗಳಲ್ಲಿ, ನಸುಕು ಹರಿಯುವ ಮೊದಲೇ ಸೈಕಲ್ಲಿನ ಗಾಲಿಗೆ ಗಾಳಿ ತುಂಬಿ, ಎರಡು ಸೀಸೆ ನೀರು ಕಟ್ಟಿಕೊಂಡು ಹೊರಟರೆ, ಬಿಸಿಲು ಬಲಿಯುವಷ್ಟರಲ್ಲಿ ಸಂಡೂರಿನ ಬೆಟ್ಟಗಳ ಸೆರಗನ್ನು ಮುಟ್ಟಬಹುದು. ದೂರ 50 ಕಿಲೋಮೀಟರಿಗೆ ತುಸು ಮಿಗಿಲು. ಆ ದಾರಿಯುದ್ದಕ್ಕೂ ಯುದ್ಧಗಳ ನೆನಪು ಚೆಲ್ಲಿಕೊಂಡು ಬಿದ್ದಿದೆ. ಕೆಲವು ನೆನಪುಗಳು ನಿಜ, ಕೆಲವು ಕಟ್ಟುಕಥೆ. ಎರಡನ್ನೂ ಬೇರ್ಪಡಿಸುತ್ತ ಸಾಗುವುದೇ ಈ ಪ್ರಯಾಣದ ಸ್ವಾರಸ್ಯ.

ಊರು ಬಿಡುವ ಮುನ್ನ ಹಿಂದಿರುಗಿ ನೋಡಿದರೆ ಕೋಟೆಯ ಬೆಟ್ಟ ಕಾಣುವುದು. ಒಂದೇ ಬಂಡೆಯ ರಾಶಿಯಂತಿರುವ ಈ ಬೆಟ್ಟದ ಮೇಲಿನ ಕೋಟೆಯನ್ನು ವಿಜಯನಗರದ ಕಾಲದಲ್ಲಿ ಹನುಮಪ್ಪ ನಾಯಕನು ಕಟ್ಟಿಸಿದನು. ಕೆಳಗಿನ ಕೋಟೆಯನ್ನು 18ನೆಯ ಶತಮಾನದಲ್ಲಿ ಹೈದರಾಲಿಯು ಸೇರಿಸಿದನು. ಅದನ್ನು ಕಟ್ಟಿದ ಫ್ರೆಂಚ್ ಎಂಜಿನಿಯರನ ವಿಷಯವಾಗಿ ಜನಜನಿತವಾದ ಒಂದು ಕಥೆಯುಂಟು. ಎದುರಿಗಿರುವ ಕುಂಬಾರಗುಡ್ಡವು ಕೋಟೆಗಿಂತ ಎತ್ತರವಾಗಿದೆ, ಅಲ್ಲಿಂದ ಶತ್ರುವು ಗುಂಡು ಹಾರಿಸಬಲ್ಲನು ಎಂಬುದು ಕಟ್ಟಡ ಮುಗಿದ ಮೇಲೆ ಹೈದರನ ಲಕ್ಷ್ಯಕ್ಕೆ ಬಂದಿತಂತೆ, ಎಂಜಿನಿಯರನನ್ನು ಗಲ್ಲಿಗೇರಿಸಿದನಂತೆ. ಪೂರ್ವದ ಬಾಗಿಲ ಬಳಿ ಅವನ ಗೋರಿಯನ್ನು ತೋರಿಸುವ ವಾಡಿಕೆಯಿದೆ. ಅದು ಒಬ್ಬ ಸಂತನ ಸಮಾಧಿಯೆಂದು ಹೇಳುವವರೂ ಉಂಟು. ಯಾರದಾದರೂ ಆಗಲಿ, ಗೆದ್ದವನ ಹೆಸರು ಎಲ್ಲರಿಗೂ ಗೊತ್ತು, ಕಟ್ಟಿದವನ ಹೆಸರು ಯಾರಿಗೂ ಗೊತ್ತಿಲ್ಲ ಎಂಬ ಮೊದಲ ಪಾಠ ಇಲ್ಲಿಯೇ ದೊರೆಯುತ್ತದೆ.

ಈ ನಗರಕ್ಕೆ ದೂರದ ಯುದ್ಧಗಳೂ ಬಂದು ತಗುಲಿವೆ. ಮೊದಲನೆಯ ಮಹಾಯುದ್ಧದಲ್ಲಿ ಮೆಸೊಪೊಟೇಮಿಯ ಮೊದಲಾದ ರಣರಂಗಗಳಲ್ಲಿ ಸೆರೆಸಿಕ್ಕ ತುರ್ಕಿ ಸಾಮ್ರಾಜ್ಯದ ಬಂದಿಗಳನ್ನು ಇರಿಸಲು ಬ್ರಿಟಿಷರು ಆರಿಸಿಕೊಂಡ ಸ್ಥಳಗಳಲ್ಲಿ ಬಳ್ಳಾರಿಯೂ ಒಂದು. 1917ರಲ್ಲಿ ಅಂತರರಾಷ್ಟ್ರೀಯ ರೆಡ್ ಕ್ರಾಸಿನ ಪ್ರತಿನಿಧಿಗಳು ಭಾರತ ಮತ್ತು ಬರ್ಮಾಗಳ ಶಿಬಿರಗಳನ್ನು ತಪಾಸಣೆ ಮಾಡುತ್ತ ಈ ಊರಿಗೂ ಬಂದಿದ್ದರು. ಮನೆಯಿಂದ ಸಾವಿರಾರು ಮೈಲಿ ದೂರದಲ್ಲಿ, ಕಂಡರಿಯದ ಭಾಷೆಯ ನಾಡಿನಲ್ಲಿ, ಈ ಬೇಸಗೆಯನ್ನು ಆ ಸೆರೆಯಾಳುಗಳು ಹೇಗೆ ಕಳೆದಿದ್ದಾರು? ಊರಿನ ನಿತ್ಯದ ಮಾತುಕತೆಯಲ್ಲಿ ಅವರ ಪ್ರಸ್ತಾಪವೇ ಬರುವುದಿಲ್ಲ.

ಹೊಸಪೇಟೆಯ ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ತಿರುಗಿದೊಡನೆ ಬಯಲು ಬಿಚ್ಚಿಕೊಳ್ಳುತ್ತದೆ. ಹತ್ತಿ, ಜೋಳ, ಮೆಣಸಿನಕಾಯಿಯ ಹೊಲಗಳು. ನಡುನಡುವೆ ಯಾರೋ ದೈತ್ಯಶಿಶು ಆಡಿ ಬಿಟ್ಟುಹೋದಂತೆ ಒಂದರ ಮೇಲೊಂದು ಕೂತ ಗುಂಡುಕಲ್ಲುಗಳು. ರಸ್ತೆ ಸಮತಟ್ಟಾದುದರಿಂದ ಸವಾರನ ಕಾಲಿಗೆ ಶ್ರಮವಿಲ್ಲ. ಶ್ರಮವಿರುವುದು ಲಾರಿಗಳ ಗಾಳಿಯನ್ನು ತಡೆದುಕೊಂಡು ಅಂಚಿನಲ್ಲಿ ಸಮತೋಲ ಕಾಯುವುದರಲ್ಲಿ. ಸುಮಾರು 20 ಕಿಲೋಮೀಟರು ತುಳಿದರೆ ಕುಡಿತಿನಿ. ಇಲ್ಲಿ ಇಳಿಯದೆ ಮುಂದೆ ಹೋಗುವವನು ಬಹಳವನ್ನು ಕಳೆದುಕೊಳ್ಳುತ್ತಾನೆ.

ಕುಡಿತಿನಿಯ ಬಳಿಯ ಬೂದಿಗುಡ್ಡವು ವಿದ್ವಾಂಸರ ಲೋಕದಲ್ಲಿ ಪ್ರಸಿದ್ಧವಾದುದು. ನೋಡುವುದಕ್ಕೆ ಬೂದುಬಣ್ಣದ ಒಂದು ದಿಬ್ಬ. ಕೆದಕಿದರೆ ಬೆಂದು ಕರಗಿ ಗಟ್ಟಿಯಾದ ಕಿಟ್ಟ, ಮೆತ್ತನೆಯ ಬೂದಿ. ಭೀಮಸೇನನು ಕೊಂದ ಹಿಡಿಂಬಾಸುರನನ್ನು ಸುಟ್ಟ ಬೂದಿಯೇ ಇದೆಂದು ಜನ ಹೇಳುತ್ತಿದ್ದುದನ್ನು 19ನೆಯ ಶತಮಾನದ ಪ್ರವಾಸಿಗಳು ದಾಖಲಿಸಿದ್ದಾರೆ. ಪಾಶ್ಚಾತ್ಯ ವಿದ್ವಾಂಸರಲ್ಲಿಯೂ ಕೆಲವರು ಇದನ್ನು ಮಹಾಯುದ್ಧವೊಂದರ ಬಳಿಕ ನಡೆದ ಸಾಮೂಹಿಕ ದಹನದ ಅವಶೇಷವೆಂದು, ಸಹಗಮನ ಮಾಡಿದ ಸ್ತ್ರೀಯರ ಚಿತೆಯೆಂದು ಊಹಿಸಿದರು. ಇಷ್ಟು ಬೂದಿಯಿರಬೇಕಾದರೆ ಇಷ್ಟು ಸಾವೂ ಇದ್ದಿರಬೇಕು ಎಂಬುದು ಅವರ ತರ್ಕ.

ನಿಜಸಂಗತಿ ಅದಕ್ಕಿಂತ ಸೌಮ್ಯವಾದುದು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟನು 19ನೆಯ ಶತಮಾನದಲ್ಲಿಯೇ ಇದು ದನದ ಸೆಗಣಿಯ ಬೂದಿಯಿರಬೇಕೆಂದು ಹೇಳಿದನು. ಈಗ ತೆಲಂಗಾಣಕ್ಕೆ ಸೇರಿರುವ ಉಟ್ನೂರಿನಲ್ಲಿ 1957ರಲ್ಲಿ ಉತ್ಖನನ ನಡೆಸಿದ ಆಲ್ಚಿನ್ ಅವರಿಗೆ ಅಂಥದೇ ಬೂದಿಯ ಪದರಗಳ ನಡುವೆ ದನಗಳ ಗೊರಸಿನ ಗುರುತುಗಳೇ ಸಿಕ್ಕಿದುವು. ನವಶಿಲಾಯುಗದ ಗೋಪಾಲಕರು ತಮ್ಮ ದೊಡ್ಡಿಗಳಲ್ಲಿ ಸೇರಿದ ಸೆಗಣಿಗೆ ಮತ್ತೆಮತ್ತೆ ಬೆಂಕಿಯಿಟ್ಟುದರಿಂದ ಈ ಗುಡ್ಡಗಳು ಬೆಳೆದುವು. ಸಾವಿರಾರು ವರ್ಷಗಳ ಹಿಂದಿನ ಮಾತು. ಹಬ್ಬಕ್ಕೋ, ರೋಗನಿವಾರಣೆಗೋ, ಬೇರಾವ ಉದ್ದೇಶಕ್ಕೋ ಸುಟ್ಟರೆಂಬ ಚರ್ಚೆ ಇನ್ನೂ ಮುಗಿದಿಲ್ಲ. ಅಂತೂ ಶತಮಾನಗಳ ಕಾಲ ಯುದ್ಧಸ್ಮಾರಕವೆಂದು ಎಣಿಸಿದ್ದುದು ಹಟ್ಟಿಯೊಂದರ ಸ್ಮಾರಕ! ಮನುಷ್ಯನು ದೊಡ್ಡ ಗುರುತನ್ನು ಕಂಡೊಡನೆ ದೊಡ್ಡ ಕಾಳಗವನ್ನೇ ಕಲ್ಪಿಸುತ್ತಾನೆ. ತಲೆಮಾರುಗಳ ತಾಳ್ಮೆಯಿಂದ ದನ ಕಾಯ್ದವರು ಅಷ್ಟೇ ದೊಡ್ಡ ಗುರುತನ್ನು ಬಿಡಬಲ್ಲರೆಂದು ಅವನಿಗೆ ತೋಚುವುದಿಲ್ಲ. 21ನೆಯ ಶತಮಾನದಲ್ಲಿ ಇದೇ ಕುಡಿತಿನಿಯ ಮಗ್ಗುಲಲ್ಲಿ ಶಾಖೋತ್ಪನ್ನ ವಿದ್ಯುತ್ ಸ್ಥಾವರ ತಲೆಯೆತ್ತಿ, ಕಲ್ಲಿದ್ದಲಿನ ಹೊಸ ಬೂದಿ ಹುಟ್ಟಿಸುತ್ತಿದೆ. ನಾಲ್ಕು ಸಾವಿರ ವರ್ಷಗಳ ಬಳಿಕ ಬರುವವರು ಅದನ್ನು ಯಾವ ಅಸುರನ ಚಿತೆಯೆಂದು ಕರೆಯುವರೋ!

ದನವೆಂದರೆ ಈ ಸೀಮೆಯ ಪ್ರಾಣ. ಆದುದರಿಂದಲೇ ಜಗಳದ ಮೂಲವೂ ಹೌದು. ದಾರಿಬದಿಯ ಹಳ್ಳಿಗಳಲ್ಲಿ, ಹನುಮಂತನ ಗುಡಿಯ ಮಗ್ಗುಲಲ್ಲೋ ಕೆರೆಯ ಏರಿಯ ಮೇಲೋ, ಅರ್ಧ ಹೂತ ವೀರಗಲ್ಲುಗಳು ಕಾಣಸಿಗುತ್ತವೆ. ಅವುಗಳನ್ನು ಓದುವುದಕ್ಕೆ ಲಿಪಿಜ್ಞಾನ ಬೇಕಿಲ್ಲ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ಹಲವೆಡೆ ಹಸುಗಳ ಹಿಂಡು. ನಡುವೆ ಸತ್ತ ವೀರನನ್ನು ಅಪ್ಸರೆಯರು ಕರೆದೊಯ್ಯುವ ದೃಶ್ಯ. ಮೇಲೆ ಶಿವಸನ್ನಿಧಿಯಲ್ಲಿ ಕೈಮುಗಿದು ಕುಳಿತ ಅವನೇ. ನೆತ್ತಿಯಲ್ಲಿ ಸೂರ್ಯ ಚಂದ್ರರು: ಇವರಿರುವ ತನಕ ಈ ನೆನಪು ಇರಲಿ ಎಂಬ ಹಾರೈಕೆ. ಪಕ್ಕದಲ್ಲಿ ಬಳೆ ತೊಟ್ಟು ಮೇಲಕ್ಕೆತ್ತಿದ ತೋಳನ್ನು ಕೆತ್ತಿದ ಕಲ್ಲಿದ್ದರೆ ಅದು ಮಾಸ್ತಿಗಲ್ಲು. ಅವನ ಕಲ್ಲಿನಲ್ಲಿ ಮೂರು ಅಂತಸ್ತಿನ ಕಥೆ. ಅವಳ ಕಲ್ಲಿನಲ್ಲಿ ಒಂದು ತೋಳು ಮಾತ್ರ.

ತುರುಗೊಳ್ ಎಂದರೆ ಹಸುಗಳನ್ನು ಹೊಡೆದುಕೊಂಡು ಹೋಗುವುದು, ಪೆಣ್ಬುಯ್ಯಲ್ ಎಂದರೆ ಹೆಣ್ಣಿನ ಮೊರೆ, ಊರಳಿವು ಎಂದರೆ ಊರಿನ ನಾಶ. ಶಾಸನಗಳಲ್ಲಿ ಕಾಣುವ ಈ ಮಾತುಗಳು ಸಾಮ್ರಾಜ್ಯಗಳ ಯುದ್ಧದವಲ್ಲ. ಮನೆಬಾಗಿಲಿಗೆ ಬಂದ ಯುದ್ಧದವು. ಮಡಿದವನ ಮನೆಯವರಿಗೆ ಕೊಟ್ಟ ಹೊಲಕ್ಕೆ ನೆತ್ತರುಗೊಡಗೆ ಎಂಬ ಹೆಸರು. ಕಲ್ಲು ನಿಲ್ಲಿಸಿದರೆ ಸಾಲದು, ಉಳಿದವರು ಉಣ್ಣಬೇಕು ಎಂಬ ವಿವೇಕ ಆ ಹಳ್ಳಿಗರಿಗಿತ್ತು. ಇಂದು ಇಂಥ ಕಲ್ಲುಗಳ ಅವಸ್ಥೆ ಒಂದೇ ತೆರನಾಗಿಲ್ಲ. ಕೆಲವು ಅರಿಸಿನ ಕುಂಕುಮ ಕಂಡು ದೇವರಾಗಿವೆ. ಕೆಲವು ಕಮಲಾಪುರದ ವಸ್ತುಸಂಗ್ರಹಾಲಯದಲ್ಲಿ ನೆರಳು ಕಂಡಿವೆ. ಉಳಿದವು ಬಟ್ಟೆ ಒಗೆಯುವ ಹಾಸುಗಲ್ಲಾಗಿ, ಚರಂಡಿಯ ಮುಚ್ಚಳವಾಗಿ, ರಸ್ತೆ ಅಗಲವಾದಾಗ ಮಣ್ಣಿನಡಿಯ ತುಂಬುಗಲ್ಲಾಗಿ ಕಣ್ಮರೆಯಾಗುತ್ತಿವೆ. ಮೋಟಾರಿನಲ್ಲಿ ಹೋಗುವವನಿಗೆ ಇವು ಕಾಣವು. ಸೈಕಲ್ಲಿನವನ ವೇಗವು ಕಲ್ಲಿನ ಮುಖವನ್ನು ಗುರುತಿಸುವಷ್ಟು ನಿಧಾನವಾದುದು.

ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆಯ ಚಿಮಣಿಗಳು ದಿಗಂತವನ್ನು ಆಕ್ರಮಿಸುತ್ತವೆ. ಅಲ್ಲಿಂದ ದಕ್ಷಿಣಕ್ಕೆ ಹೊರಳಿದರೆ ಬೆಟ್ಟದ ಸಾಲು ಗೋಡೆಯಂತೆ ಎದ್ದು ನಿಲ್ಲುತ್ತದೆ. ಸಂಡೂರು ನಾಲ್ಕೂ ಕಡೆ ಬೆಟ್ಟ ಸುತ್ತುವರಿದ ತೊಟ್ಟಿಲು. ನಾರಿಹಳ್ಳವೆಂಬ ಸಣ್ಣ ಹೊಳೆ ಪಶ್ಚಿಮದಲ್ಲಿ ಓಬಳಗಂಡಿಯನ್ನೂ ಈಶಾನ್ಯದಲ್ಲಿ ಭೀಮಗಂಡಿಯನ್ನೂ ಕೊರೆದು ಹರಿಯುತ್ತದೆ. ಹಿಡಿಂಬನ ಬೂದಿ ಅಲ್ಲಿ, ಭೀಮನ ಕಣಿವೆ ಇಲ್ಲಿ: ಜನರ ಕಲ್ಪನೆ ಭೂಗೋಳದೊಡನೆ ಎಷ್ಟು ಚೆನ್ನಾಗಿ ಹೊಂದಿಕೊಂಡಿದೆ! ಬೆಟ್ಟಗಳ ನಡುವೆ ಪ್ರವೇಶಿಸಿದೊಡನೆ ಗಾಳಿ ತಂಪಾಗುವುದು. ದಿಂಡಿಗ, ಕಮರ, ಮುತ್ತುಗ, ಹೊಂಗೆ, ಅಲ್ಲಲ್ಲಿ ಶ್ರೀಗಂಧ. ಬೇಸಗೆಯಲ್ಲಿ ಎಲೆಯುದುರಿಸಿ ಬೋಳಾಗುವ ಕಾಡು ಮಳೆಗೆ ಮತ್ತೆ ತುಂಬಿಕೊಳ್ಳುತ್ತದೆ. ಸೆಪ್ಟೆಂಬರಿನಲ್ಲಿ ಸಂಡೂರನ್ನು ನೋಡಬೇಕು ಎಂದು ಗಾಂಧೀಜಿ ಹೇಳಿದರೆಂದು ಇಲ್ಲಿಯ ಜನ ಇಂದಿಗೂ ಅಭಿಮಾನದಿಂದ ಸ್ಮರಿಸುತ್ತಾರೆ.

ಈ ಬೆಟ್ಟಗಳ ದೊಡ್ಡ ನೆನಪು ಕುಮಾರರಾಮನದು. ಕಂಪಿಲಿಯ ಅರಸ ಕಂಪಿಲರಾಯನು ಮಹಮ್ಮದ್ ಬಿನ್ ತುಘಲಕನ ವಿರುದ್ಧ ದಂಗೆಯೆದ್ದು ಓಡಿಬಂದ ಬಹಾವುದ್ದೀನ್ ಗುರ್ಶಾಸ್ಪನಿಗೆ ಆಶ್ರಯವಿತ್ತನು. ಶರಣುಬಂದವನನ್ನು ಒಪ್ಪಿಸಲೊಲ್ಲದೆ ಡೆಲ್ಲಿಯ ಸೈನ್ಯವನ್ನು ಎದುರಿಸಿ, 1327ರಲ್ಲಿ ಮಡಿದನು. ಸ್ತ್ರೀಯರು ಬೆಂಕಿಗೆ ಹಾರಿದರು, ಗಂಡಸರು ಹೊರಬಿದ್ದು ಹೋರಾಡಿ ಸತ್ತರು ಎಂದು ಇಬ್ನ್ ಬತೂತನು ಬರೆದಿದ್ದಾನೆ; ಸೆರೆಯಾಗಿ ಡೆಲ್ಲಿಯನ್ನು ಸೇರಿದ ರಾಜಪುತ್ರರನ್ನು ಅವನು ಕಣ್ಣಾರೆ ಕಂಡಿದ್ದನು. ಜನರ ಹಾಡು ಕಥೆಗಳಲ್ಲಿ ಉಳಿದವನು ಮಗ ಕುಮಾರರಾಮ. ಮಲತಾಯಿ ರತ್ನಾಜಿಯ ಮೋಹವನ್ನು ತಿರಸ್ಕರಿಸಿ, ತಂದೆಯಿಂದ ಮರಣದಂಡನೆಗೆ ಗುರಿಯಾಗಿ, ಮಂತ್ರಿಯ ಉಪಾಯದಿಂದ ಬದುಕಿ, ಕೊನೆಗೆ ಅದೇ ರಾಜ್ಯಕ್ಕಾಗಿ ತಲೆ ಕೊಟ್ಟ ಪರನಾರೀಸಹೋದರ. ಸೋತ ರಾಜ್ಯದ ರಾಜಕುಮಾರನನ್ನು ಮಲೆನಾಡಿನ ಹಳ್ಳಿಗಳವರೆಗೂ ಮರದ ಶಿರಸ್ಸು ಮಾಡಿ ಪೂಜಿಸಿದರು. ಗೆದ್ದು ಹೋದ ಸೇನಾಪತಿಯ ಹೆಸರು ಇಲ್ಲಿ ಯಾರ ಬಾಯಲ್ಲಿಯೂ ಇಲ್ಲ. ಬಳ್ಳಾರಿಯ ಕೋಟೆಯ ಬಳಿ ದೊರೆತ ಪಾಠವನ್ನು ಈ ಕಾಡು ಹೀಗೆ ತಿದ್ದುತ್ತದೆ.

ಬೆಟ್ಟಸಾಲಿನ ಮೇಲಿರುವ ರಾಮನದುರ್ಗದ ಎತ್ತರ 3000 ಅಡಿಗೂ ಮಿಗಿಲು. 19ನೆಯ ಶತಮಾನದ ನಡುವಿನಲ್ಲಿ ಬ್ರಿಟಿಷರು ಬಳ್ಳಾರಿ ದಂಡಿನ ಸೈನಿಕರಿಗಾಗಿ ಇಲ್ಲಿ ಆರೋಗ್ಯಧಾಮ ಮಾಡಿಕೊಂಡರು. ಬಿಸಿಲಿನಿಂದ ಬಳಲಿದವರು ಇಲ್ಲಿಗೆ ಬಂದು ಚೇತರಿಸಿಕೊಂಡು ಮರಳುತ್ತಿದ್ದರು. ಆ ಬಂಗಲೆಗಳ ಪಾಳುಗೋಡೆಗಳ ನಡುವೆ ಈಗ ಮರ ಬೆಳೆದಿದೆ.

ಮತ್ತೊಂದು ಶಿಖರದಲ್ಲಿ ದೇವಸೇನಾಪತಿಯೇ ನೆಲಸಿದ್ದಾನೆ. ತಾರಕಾಸುರನ ವಧೆಯ ಬಳಿಕ ಕುಮಾರಸ್ವಾಮಿಯು ಈ ಬೆಟ್ಟಕ್ಕೆ ಬಂದನೆಂದು ಸ್ಥಳಪುರಾಣ. ಇಲ್ಲಿಯ ಪಾರ್ವತೀ ದೇವಾಲಯ ಬಾದಾಮಿ ಚಲುಕ್ಯರ ಕಾಲದ್ದು. ಬೆಟ್ಟಕ್ಕೆ ಲೋಹಾಚಲವೆಂಬ ಹೆಸರೂ ಉಂಟು. ಅದು ಬರಿಯ ಅಲಂಕಾರವಲ್ಲ. ಅಡಿಯ ಮಣ್ಣೆಲ್ಲ ಕಬ್ಬಿಣದ ಅದಿರು. ಆ ಅದಿರೇ ಈ ಕಾಡಿಗೆ ಶತ್ರುವೂ ಆಯಿತು. ಈ ಶತಮಾನದ ಮೊದಲ ದಶಕದಲ್ಲಿ ಬೆಟ್ಟಗಳ ನೆತ್ತಿಯನ್ನು ಕತ್ತರಿಸಿ, ಲಾರಿಗಳ ಸಾಲು ಹಗಲಿರುಳು ಹರಿದು, ಮರಗಳ ಎಲೆಗಳೇ ಕೆಂಪಾಗಿದ್ದುವು. ಲೋಕಾಯುಕ್ತರ ವರದಿ ಹೊರಬಿದ್ದ 2011ರ ಜುಲೈಯಲ್ಲಿಯೇ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಯಿತು. ಬಳಿಕ ಮಿತಿಯನ್ನೂ ನಿಬಂಧನೆಗಳನ್ನೂ ಹಾಕಿ ಮತ್ತೆ ಅನುಮತಿಯಿತ್ತಿತು. ಗಾಯಗೊಂಡ ಇಳಿಜಾರುಗಳು ದಾರಿಯಿಂದಲೇ ಕಾಣುತ್ತವೆ. ಅವುಗಳಿಗಾಗಿ ಯಾರೂ ಕಲ್ಲು ನೆಟ್ಟಿಲ್ಲ. ತುಳಿಯುವ ಸೈಕಲ್ಲಿನ ಚೌಕಟ್ಟೂ ಇಂಥ ಯಾವುದೋ ಬೆಟ್ಟದ ಮಣ್ಣಿನಿಂದಲೇ ಬಂದಿರಬಹುದೆಂಬುದನ್ನು ಸವಾರನು ಮರೆಯುವಂತಿಲ್ಲ. ಬೇಕು ಬೇಡಗಳ ತೀರ್ಮಾನ ಅಷ್ಟು ಸುಲಭವಲ್ಲ.

ಈ ದಾರಿಯಲ್ಲಿ ಹೊರಡುವವರು ಮಳೆಗಾಲದ ಕೊನೆಯಿಂದ ಸಂಕ್ರಾಂತಿಯವರೆಗಿನ ಕಾಲವನ್ನು ಆರಿಸಿಕೊಳ್ಳುವುದು ಒಳ್ಳೆಯದು. ನೀರು ಧಾರಾಳವಾಗಿರಲಿ; ತೂತುಬಿದ್ದ ಟ್ಯೂಬನ್ನು ಸರಿಪಡಿಸುವ ಸಾಮಗ್ರಿ ಜೊತೆಗಿರಲಿ; ಬೆಟ್ಟದ ತಿರುವುಗಳನ್ನು ಇಳಿಯುವಾಗ ಎರಡೂ ತಡೆಗಳ ಮೇಲೆ ಬೆರಳಿರಲಿ. ಹಳ್ಳಿಯಲ್ಲಿ ಬಿದ್ದ ವೀರಗಲ್ಲು ಕಂಡರೆ ಇಳಿದು, ಊರ ಹಿರಿಯರನ್ನು ಅದರ ವಿಷಯ ಕೇಳುವುದು ಲೇಸು. ಹೆಸರು ತಿಳಿಯದಿದ್ದರೂ ಚಿಂತೆಯಿಲ್ಲ. ದೂರದೂರಿನವರು ಬಂದು ಕೇಳುವ ಕಲ್ಲನ್ನು ಚರಂಡಿಗೆ ಹಾಸಲು ಯಾವ ಊರಿನವರೂ ತುಸು ಹಿಂಜರಿಯುತ್ತಾರೆ. ಸೂರ್ಯ ಚಂದ್ರರ ಭರವಸೆಯ ಮೇಲೆ ನಿಂತ ಕಲ್ಲಿಗೆ ಅಷ್ಟಾದರೂ ಆಸರೆ ದೊರೆತೀತು.