ಮಂಜಿನಾಚೆಯ ಗಾಳಿ

ಖರೀಫ್ ಎಂಬ ಮಳೆಗಾಲ ಬಂತೆಂದರೆ ಒಮಾನಿನ ಸಲಾಲಾದಲ್ಲಿ ಕಾಲಿಡಲು ಜಾಗವಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಲ್ಲಿಯ ಬೇಗೆ ತಾಳದ ಕುಟುಂಬಗಳೆಲ್ಲ ಮಂಜು, ತುಂತುರು ಹುಡುಕಿ ಇಲ್ಲಿಗೇ ನುಗ್ಗುತ್ತವೆ. ವಾದಿ ದರ್ಬಾತ್ ಕಣಿವೆಯ ಹುಲ್ಲಿನ ತುಂಬ ಪ್ಲಾಸ್ಟಿಕ್ ತಟ್ಟೆಗಳು. ಆಗುಂಬೆಯ ಮಳೆ ಕಂಡ ನನಗೆ ಆ ಹಸಿರಿಗಾಗಿ ಹೋಟೆಲಿನವರು ಕೇಳಿದ ಬಾಡಿಗೆ ಹೊಟ್ಟೆ ಉರಿಸಿತು. ಈ ಮಂಜನ್ನು ತರುವ ಗಾಳಿಯ ಕಡೆ ಯಾರೂ ಮುಖ ಮಾಡುವುದಿಲ್ಲ. ಅರಬ್ಬೀ ಸಮುದ್ರ ದಾಟಿ ನಮ್ಮ ಜೋಗಿಮಟ್ಟಿ, ಕಪ್ಪತಗುಡ್ಡಗಳ ಗಾಳಿಯಂತ್ರ ತಿರುಗಿಸುವ ಮುಂಗಾರು ಮಾರುತವೇ ಅದು.

ಆ ಗಾಳಿಯನ್ನೇ ಹುಡುಕಿ ಕಾರಿನಲ್ಲಿ ಹೊರಟೆ. ಬೆಟ್ಟದ ನೆತ್ತಿ ದಾಟಿದ್ದೇ ತಡ, ಹಸಿರು ಕತ್ತರಿಸಿದ ಹಾಗೆ ಮುಗಿಯಿತು. ಮುಂದೆಲ್ಲ ಕಲ್ಲು, ಮರಳು, ಬಿಸಿಲು. ಹರ್ವೀಲ್ ಬಳಿ ಹದಿಮೂರು ಗಾಳಿಯಂತ್ರಗಳು ಎದ್ದು ಬಂದವು. ತಲಾ 3.8 ಮೆಗಾವ್ಯಾಟ್, ಒಟ್ಟು ಐವತ್ತರ ಹತ್ತಿರ. ಅಬುಧಾಬಿಯ ಮಸ್ದರ್ ಕಂಪನಿಯ ನೇತೃತ್ವದಲ್ಲಿ ಕಟ್ಟಿದ, 2019ರಲ್ಲಿ ವಿದ್ಯುತ್ ಕೊಡತೊಡಗಿದ ಈ ಸ್ಥಾವರ ಕೊಲ್ಲಿ ಸಹಕಾರ ಮಂಡಳಿಯ ದೇಶಗಳಲ್ಲೇ ಮೊದಲ ದೊಡ್ಡದು.

ಕಾರು ಓಡಿಸುತ್ತಿದ್ದವರು ಬಂಟ್ವಾಳದ ಕಡೆಯವರು. ಬಹಳ ಹೊತ್ತು ನೋಡಿ ಕೇಳಿದರು: "ಅಲ್ಲ ಮಾರಾಯ್ರೆ, ಮೂರೇ ರೆಕ್ಕೆ! ಸಂದಿಯಲ್ಲಿ ಇಷ್ಟು ಗಾಳಿ ಸುಮ್ಮನೆ ಹೋಗ್ತದಲ್ಲ? ಹತ್ತು ಹಾಕ್ಲಿಕ್ಕೆ ಏನು?"

ಎಂಥ ಒಳ್ಳೆಯ ಪ್ರಶ್ನೆ! ಗಾಳಿಯನ್ನು ಪೂರ್ತಿ ಹಿಡಿಯಹೋದರೆ ಅದು ರೆಕ್ಕೆಯ ಹಿಂದೆಯೇ ನಿಂತುಬಿಡುತ್ತದೆ. ಜಾತ್ರೆಯಲ್ಲಿ ಮುಂದಿನವರು ನಿಂತರೆ ಹಿಂದಿನವರು ಪಕ್ಕದ ಓಣಿ ಹಿಡಿಯುವಂತೆ, ಬರುವ ಗಾಳಿ ಯಂತ್ರವನ್ನು ಬಳಸಿ ಹೋಗುತ್ತದೆ. ಬೀಸುವ ಗಾಳಿಯ ಶಕ್ತಿಯಲ್ಲಿ ಶೇ 59.3ಕ್ಕಿಂತ ಹೆಚ್ಚನ್ನು ಯಾವ ರೆಕ್ಕೆಯೂ ಪಡೆಯಲಾರದೆಂದು ಜರ್ಮನಿಯ ಆಲ್ಬರ್ಟ್ ಬೆಟ್ಸ್ ನೂರು ವರ್ಷಗಳ ಹಿಂದೆಯೇ ಲೆಕ್ಕ ಹಾಕಿದ್ದರು. ಆ ಸಂದಿಯೂ ಖಾಲಿಯಲ್ಲ. ಅರವತ್ತು ಮೀಟರಿನ ರೆಕ್ಕೆ ನಿಮಿಷಕ್ಕೆ ಹನ್ನೆರಡೇ ಸುತ್ತು ಸುತ್ತಿದರೂ ತುದಿ ಗಂಟೆಗೆ 270 ಕಿ.ಮೀ. ವೇಗದಲ್ಲಿ ಓಡುತ್ತದೆ, ಮೂರು ತೆಳು ರೆಕ್ಕೆಗಳೇ ಇಡೀ ವೃತ್ತದ ಗಾಳಿಯನ್ನು ದುಡಿಸುತ್ತವೆ. ಬುಡ ನಿಧಾನ, ತುದಿ ಬಿರುಸು. ಎಲ್ಲೆಡೆಯೂ ಗಾಳಿ ಸರಿಯಾದ ಕೋನದಲ್ಲೇ ತಾಗಲೆಂದು ರೆಕ್ಕೆಯನ್ನು ಉದ್ದಕ್ಕೂ ತಿರುಚಿರುತ್ತಾರೆ. ರೆಕ್ಕೆಗಳನ್ನು ಹೆಚ್ಚಿಸುವುದಕ್ಕಿಂತ ಉದ್ದ ಮಾಡುವುದೇ ಲಾಭ: ಉದ್ದ ಎರಡರಷ್ಟಾದರೆ ಶಕ್ತಿ ನಾಲ್ಕರಷ್ಟು. ಗಾಳಿಯ ವೇಗ ಎರಡರಷ್ಟಾದರಂತೂ ಎಂಟರಷ್ಟು! ಮರುಭೂಮಿಯ ಕಾದ ಗಾಳಿ ಹಗುರ. 15 ಡಿಗ್ರಿಯ ಗಾಳಿಗಿಂತ 40 ಡಿಗ್ರಿಯದು ಸುಮಾರು ಶೇ 8ರಷ್ಟು ತೆಳು. ಇಲ್ಲಿ ಉದ್ದ ರೆಕ್ಕೆ ಇನ್ನೂ ಬೇಕು.

ಇದನ್ನು ಹೇಳುತ್ತಿರುವಾಗಲೇ ನನಗೆ ಸಂಕಟವಾಯಿತು. ನಮ್ಮಲ್ಲಿ ಒಳ್ಳೆಯ ಗಾಳಿಯ ಗುಡ್ಡಗಳನ್ನು ಮೊದಲು ಹಿಡಿದವು ಗಿಡ್ಡ ರೆಕ್ಕೆಯ ಹಳೇ ಯಂತ್ರಗಳು. ಅವುಗಳ ಜಾಗದಲ್ಲಿ ದೊಡ್ಡವನ್ನು ನಿಲ್ಲಿಸಲೆಂದು ಕೇಂದ್ರ ಸರ್ಕಾರ 2016ರಲ್ಲೇ ನೀತಿ ತಂದಿತು. ಆದರೂ ಬಯಲಿನ ರೈತರ ಹೊಸ ಜಮೀನಿನ ಮೇಲೆಯೇ ಎಲ್ಲರ ಕಣ್ಣು.

"ಹಾಗಾದ್ರೆ ನಾಲ್ಕು ಕಿತ್ತು ಒಂದು ಹಾಕ್ಬೇಕು," ಅಂದರು ಕಾರಿನವರು. "ಆದ್ರೆ ಇಷ್ಟು ಉದ್ದದ್ದು ನಮ್ಮ ಘಾಟಿಯ ತಿರುವಿನಲ್ಲಿ ಹತ್ತುದು ಹೇಗೆ?"

ಎರಡು ತುಂಡಾಗಿ ಸಾಗಿಸಿ, ಮೇಲೆ ಒಯ್ದು ಜೋಡಿಸುವ ರೆಕ್ಕೆಗಳು ಈಗ ಬಂದಿವೆ ಎಂದೆ.