ಚಿಕ್ಕಪ್ಪ ರಾಫ್ಟ್ ಹತ್ತಿದ ದಿನ

ಮೈಸೂರಿನಿಂದ ಮಡಿಕೇರಿ ರಸ್ತೆಯಲ್ಲಿ ಆಗಸ್ಟ್ ತಿಂಗಳಲ್ಲಿ ಹೋಗಿದ್ದೀರಾ? ಇಲವಾಲ, ಬಿಳಿಕೆರೆ ದಾಟಿ ಹುಣಸೂರು ಹತ್ತಿರವಾಗುತ್ತಿದ್ದ ಹಾಗೆ ಕಾರಿನ ಗಾಜು ಇಳಿಸಿದರೆ ಒಂದು ವಾಸನೆ ಬರುತ್ತೆ. ಒಣಹುಲ್ಲಿನದೂ ಅಲ್ಲ, ಬೆಲ್ಲದ್ದೂ ಅಲ್ಲ, ಎರಡೂ ಬೆರೆತ ಹಾಗೆ. ಊರೂರಲ್ಲೂ ಕಿಟಕಿಯೇ ಇಲ್ಲದ ಎತ್ತರದ ಕಟ್ಟಡಗಳಿಂದ ಹೊಗೆ ಏಳ್ತಿರುತ್ತೆ. ಮೊದಲ ಸಲ ಬಂದಾಗ ನನ್ನ ಗಂಡ ಅದನ್ನ ಇಟ್ಟಿಗೆ ಗೂಡು ಅಂದುಕೊಂಡಿದ್ದರು. ಅದು ತಂಬಾಕು ಬ್ಯಾರನ್. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರ, ಈ ನಾಲ್ಕೂ ಕಡೆ ಮಳೆಗಾಲ ಅಂದರೆ ಹೊಗೆಸೊಪ್ಪಿನ ಕಾಲ.

ಇದೇ ರಸ್ತೆಯಲ್ಲಿ ಅದೇ ತಿಂಗಳು ಬೆಂಗಳೂರಿನ ಕಾರುಗಳು ಸಾಲಾಗಿ ಹೋಗ್ತವೆ. ಅವರಿಗೆ ಮಳೆಗಾಲ ಅಂದರೆ ರಾಫ್ಟಿಂಗ್. ಕುಶಾಲನಗರದಿಂದ ಸ್ವಲ್ಪ ಮುಂದೆ ದುಬಾರೆಯಲ್ಲಿ ಕಾವೇರಿ ತುಂಬಿರುತ್ತಾಳೆ. ಸುತ್ತಮುತ್ತ ಹೋಮ್‌ಸ್ಟೇ, ರೆಸಾರ್ಟ್, ಜಿಪ್‌ಲೈನ್ ಬೋರ್ಡುಗಳು.

ಕಳೆದ ವರ್ಷ ಸ್ವಾತಂತ್ರ್ಯ ದಿನದ ರಜೆಗೆ ಎರಡು ದಿನ ಲೀವ್ ಸೇರಿಸಿ ನಾವೂ ಹೊರಟೆವು. ನಾನು, ನಮ್ಮವರು, ಆರು ವರ್ಷದ ಮಗಳು. ಮೊದಲು ನೋಡಿದ್ದು ಎಚ್.ಡಿ. ಕೋಟೆಯ ಕಬಿನಿ ಹಿನ್ನೀರಿನ ರೆಸಾರ್ಟುಗಳನ್ನ. ರೇಟ್ ನೋಡಿ ಫೋನ್ ಕೆಳಗಿಟ್ಟೆವು. (ಆ ಕಾರಾಪುರ ಈಗ ರೆಸಾರ್ಟ್‌ಗಳ ಊರು. 1937ರಲ್ಲಿ ಬಂದ ‘ಎಲಿಫೆಂಟ್ ಬಾಯ್’ ಸಿನಿಮಾದ ಹೀರೋ ಸಾಬು ಅಲ್ಲಿಯ ಹುಡುಗ. ಮಾವುತನ ಮಗ, ಅಲ್ಲಿಂದ ಹಾಲಿವುಡ್‌ಗೆ ಹೋದ. ಇದನ್ನ ಗೊತ್ತಿರುವವರು ನಮ್ಮಲ್ಲೇ ಕಮ್ಮಿ.) ಆಮೇಲೆ ದುಬಾರೆ ಅಂತ ಗಟ್ಟಿಯಾಯ್ತು. ಅದಕ್ಕೆ ಇನ್ನೊಂದು ಕಾರಣವೂ ಇತ್ತು. ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರದ ಹತ್ತಿರ ನಮ್ಮ ಚಿಕ್ಕಪ್ಪನ ಮನೆ. ಚಿಕ್ಕಪ್ಪನ ಮಗ, ನನ್ನ ತಮ್ಮ, ಮೂರು ಮಳೆಗಾಲದಿಂದ ದುಬಾರೆಯಲ್ಲಿ ರಾಫ್ಟ್ ಗೈಡ್.

ಅವನ ವಿಷಯವಾಗಿ ಮನೆಯಲ್ಲಿ ಆಗಲೇ ಕಾವು ಎದ್ದಿತ್ತು. ಹೊರಡೋ ಹಿಂದಿನ ವಾರ ಚಿಕ್ಕಮ್ಮ ಫೋನ್ ಮಾಡಿ, “ಅಪ್ಪ ಮಗ ಮಾತು ಬಿಟ್ಟವ್ರೆ ಕಣವ್ವ. ನೀನಾದ್ರೂ ಬಂದು ಏನಾರ ಹೇಳು” ಅಂದಿದ್ದರು. ದುಬಾರೆಯ ಸೀಸನ್ ಮುಗಿದ ಮೇಲೆ ದಾಂಡೇಲಿಗೆ ಬಾ ಅಂತ ತಮ್ಮನಿಗೆ ಒಂದು ಕಡೆಯಿಂದ ಕರೆ ಬಂದಿತ್ತು. ಅಲ್ಲಿಗೆ ಹೋದರೆ ವರ್ಷದಲ್ಲಿ ಹೆಚ್ಚುಕಮ್ಮಿ ಹತ್ತು ತಿಂಗಳು ಕೆಲಸ. ಮನೆಯ ಹೊಲದ ಕಡೆ ತಲೆ ಹಾಕೋಕೂ ಪುರುಸೊತ್ತಿರಲ್ಲ.

ಈ ದಾಂಡೇಲಿ ಲೆಕ್ಕ ಸ್ವಲ್ಪ ಬಿಡಿಸಿ ಹೇಳಬೇಕು. ದುಬಾರೆಗಿಂತ ಮೇಲೆ ಕಾವೇರಿಗೆ ಅಣೆಕಟ್ಟೆ ಇಲ್ಲ. ಹಾರಂಗಿ ನೀರು ಬಂದು ಸೇರೋದೂ ಅಲ್ಲಿಂದ ಕೆಳಗೆ. ಹಾಗಾಗಿ ಬ್ರಹ್ಮಗಿರಿ, ಭಾಗಮಂಡಲದ ಕಡೆ ಮಳೆ ಬಿದ್ದರೆ ದುಬಾರೆಯಲ್ಲಿ ರಾಫ್ಟಿಂಗ್, ಮಳೆ ನಿಂತರೆ ಬರೀ ಬಂಡೆ. ಮಳೆ ಜಾಸ್ತಿಯಾದರೂ ಕಷ್ಟ, ಪ್ರವಾಹ ಅಂತ ನಿಲ್ಲಿಸ್ತಾರೆ. ದಾಂಡೇಲಿಯಲ್ಲಿ ಹಾಗಲ್ಲ. ಅಲ್ಲಿ ಕಾಳಿ ನದಿಗೆ ಗಣೇಶಗುಡಿಯಲ್ಲಿ ಸೂಪಾ ಅಣೆಕಟ್ಟೆ ಇದೆ. ಕರೆಂಟಿಗೆ ಅಂತ ನೀರು ಬಿಟ್ಟಾಗ ಬೇಸಿಗೆಯಲ್ಲೂ ನದಿ ಓಡುತ್ತೆ. ಇಲ್ಲಿ ಸೀಸನ್ ಮುಗಿಯೋ ಹೊತ್ತಿಗೆ ಅಲ್ಲಿ ಶುರು.

ನಾವು ಊರು ತಲುಪಿದಾಗ ಮಧ್ಯಾಹ್ನ ಮೂರು ಗಂಟೆ. ಚಿಕ್ಕಪ್ಪ ಬ್ಯಾರನ್ ಮುಂದೆ ಕೂತಿದ್ದರು. “ಬಂದ್ರಾ, ಬನ್ನಿ. ಒಳಗೆ ಹೋಗ್ರವ್ವ, ಮುದ್ದೆ ಐತೆ” ಅಂದವರು ಎದ್ದೇಳಲಿಲ್ಲ. ಏಳೋ ಹಾಗಿರಲಿಲ್ಲ, ಬೆಂಕಿ ಉರೀತಿತ್ತು.

ಸಿಗರೇಟ್ ಕಂಪನಿಗಳು ಕೊಳ್ಳೋ ವರ್ಜೀನಿಯಾ ತಂಬಾಕನ್ನ ಬಿಸಿಲಲ್ಲಿ ಒಣಗಿಸೋದಿಲ್ಲ. ಹಸಿರು ಸೊಪ್ಪನ್ನ ಕಡ್ಡಿಗೆ ಕಟ್ಟಿ ಬ್ಯಾರನ್ ಒಳಗೆ ಅಟ್ಟ ಅಟ್ಟವಾಗಿ ತೂಗುಹಾಕ್ತಾರೆ. ಕೆಳಗೆ ದಪ್ಪ ತಗಡಿನ ಕೊಳವೆ ಸುತ್ತು ಹೊಡೆದಿರುತ್ತೆ. ಹೊರಗಿನ ಒಲೆಯಲ್ಲಿ ಉರಿ ಹಾಕಿದರೆ ಬಿಸಿ ಆ ಕೊಳವೆಯಲ್ಲಿ ಹರಿಯುತ್ತೆ, ಹೊಗೆ ಸೊಪ್ಪಿಗೆ ತಾಗೋದಿಲ್ಲ. ಮೊದಲು ಸಣ್ಣ ಕಾವು, ಸೊಪ್ಪು ಹಳದಿ ಆಗೋ ತನಕ. ಆಮೇಲೆ ಬಣ್ಣ ನಿಲ್ಲಿಸೋ ಕಾವು. ಆಮೇಲೆ ಎಲೆ ಒಣಗಬೇಕು, ಕೊನೆಗೆ ನಡುವಿನ ದಂಟು ಒಣಗಬೇಕು, ಆಗ 70 ಡಿಗ್ರಿ ಹತ್ತಿರ ಹೋಗುತ್ತೆ. ಒಟ್ಟು ಐದಾರು ದಿನ, ಹಗಲೂ ರಾತ್ರಿ. ನಡುರಾತ್ರಿ ಒಂದು ಗಂಟೆ ಕಣ್ಣು ಮುಚ್ಚಿ ಕಾವು ಇಳಿದರೆ ಸೊಪ್ಪಿನ ಬಣ್ಣ ಕೆಟ್ಟಿತು ಅಂತಲೇ. ಬಣ್ಣ ಕೆಟ್ಟರೆ ಹರಾಜಿನಲ್ಲಿ ರೇಟ್ ಹೋಯ್ತು.

ಚಿಕ್ಕಪ್ಪನಿಗೆ ಅರವತ್ತೆರಡು. ರಾತ್ರಿ ಕಾಯೋಕೆ ಇನ್ನೊಂದು ಜೋಡಿ ಕಣ್ಣು ಬೇಕು ಅನ್ನೋದೇ ಜಗಳದ ಬುಡ. ರಾಫ್ಟಿಂಗ್ ಸೀಸನ್ನೂ ಬ್ಯಾರನ್ ಸೀಸನ್ನೂ ಒಂದೇ ಮಳೆಯದು.

ಇನ್ನೊಂದೂ ಇದೆ. ಆ ಹೊಲ ತಾತನಿಗೆ ಬಂದಿದ್ದು ದೇವರಾಜ ಅರಸು ಕಾಲದಲ್ಲಿ. ಅರಸು ಇದೇ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರು. 1974ರ ಭೂಸುಧಾರಣೆ ತಿದ್ದುಪಡಿ ಬಂದಾಗ ಗೇಣಿಗೆ ಉಳುತ್ತಿದ್ದ ತಾತ ಅರ್ಜಿ ಹಾಕಿ ಮೂರು ಎಕರೆ ತನ್ನದು ಮಾಡಿಕೊಂಡರು. ಚಿಕ್ಕಪ್ಪ ಆಗ ಪ್ರೈಮರಿ ಸ್ಕೂಲು. ತಾತ ಪಟ್ಟೆ ಕಾಗದವನ್ನ ದೇವರ ಫೋಟೋ ಹಿಂದೆ ಇಟ್ಟಿದ್ದು ಅವರಿಗೆ ಇನ್ನೂ ನೆನಪಿದೆ. ಹೀಗಿರೋವಾಗ ಮಗ ಬಂದು “ನನಗೆ ಹೊಲ ಬೇಡ, ಹೊಳೆ ಸಾಕು” ಅಂದರೆ?

“ಪಟ್ಟಣದೋರ್ನ ನೀರಲ್ಲಿ ಕೂರಿಸ್ಕಂಡು ಆಟ ಆಡ್ಸದು, ಅದೂ ಒಂದ್ ಕೆಲ್ಸಾನಾ ಅಳಿಯಂದ್ರೆ?” ಅಂತ ಚಿಕ್ಕಪ್ಪ ನಮ್ಮವರನ್ನ ಕೇಳಿದರು. ನಮ್ಮವರದು ಸಾಫ್ಟ್‌ವೇರ್ ಟೆಸ್ಟಿಂಗ್. ಅದು ಕೆಲಸವಾ ಅಂತಲೇ ಚಿಕ್ಕಪ್ಪನಿಗೆ ಇನ್ನೂ ಪೂರ್ತಿ ಖಾತ್ರಿಯಾಗಿಲ್ಲ. ಅವರು ಸುಮ್ಮನೆ ನಕ್ಕರು. ಆಮೇಲೆ, “ನೀವು ಒಂದು ಸಲ ನೋಡಿದ್ದೀರಾ ಅವನ ಕೆಲಸ?” ಅಂದರು.

“ನೋಡಕ್ಕೆ ಪುರುಸೊತ್ತೆಲ್ಲಿ? ಈ ಬ್ಯಾರನ್ ಬಿಟ್ಟು?”

ನಮ್ಮ ಕಡೆ ಮುಯ್ಯಾಳು ಅಂತ ಇದೆ. ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ನಮ್ಮವರು ಅದನ್ನೇ ಹಿಡಿದುಕೊಂಡರು. ಎರಡು ರಾತ್ರಿ ಬ್ಯಾರನ್ ಅವರು ಕಾಯೋದು, ಅದಕ್ಕೆ ಮುಯ್ಯಿ ಅಂತ ಚಿಕ್ಕಪ್ಪ ಒಂದು ದಿನ ನಮ್ಮ ಜೊತೆ ಬರೋದು. ಚಿಕ್ಕಪ್ಪ ನಗುತ್ತಾ ಒಪ್ಪಿದರು, ಆಗಲ್ಲ ಅಂದುಕೊಂಡೇ ಒಪ್ಪಿರಬೇಕು. ನಮ್ಮವರು ಮೊಬೈಲಲ್ಲಿ ಅರ್ಧ ಗಂಟೆಗೊಂದು ಅಲಾರಂ ಇಟ್ಟು ಎರಡು ರಾತ್ರಿ ಸೌದೆ ಹಾಕಿದರು, ಥರ್ಮಾಮೀಟರ್ ನೋಡಿದರು. ಮೂರನೇ ದಿನ ಬೆಳಿಗ್ಗೆ ದಂಟು ಪಟಕ್ಕಂತ ಮುರೀತು. ಬೆಂಕಿ ತೆಗೆದು ಬಾಗಿಲು ತೆರೆದರು. ಹಾಗೆ ಒಣಗಿದ ಸೊಪ್ಪನ್ನ ಕೂಡಲೇ ಮುಟ್ಟೋ ಹಾಗಿಲ್ಲ, ಪುಡಿಯಾಗುತ್ತೆ. ಹೊರಗಿನ ತೇವ ಕುಡಿದು ಮೆತ್ತಗಾಗಬೇಕು. ಆ ಒಂದು ದಿನ ಬ್ಯಾರನ್‌ಗೂ ರಜ, ಚಿಕ್ಕಪ್ಪನಿಗೂ ರಜ.

ಬೈಲಕುಪ್ಪೆ ದಾಟಿ, ಕುಶಾಲನಗರ ದಾಟಿ, ದುಬಾರೆ ಸೇರಿದಾಗ ಹನ್ನೊಂದು ಗಂಟೆ. ಸಣ್ಣ ಜಡಿಮಳೆ. ಆನೆ ಶಿಬಿರ ಇರೋದು ಆಚೆ ದಡದಲ್ಲಿ. ನೀರು ಹೆಚ್ಚು ಅಂತ ಅವತ್ತು ದೋಣಿ ಬಿಟ್ಟಿರಲಿಲ್ಲ. ಮಗಳು ಚಿಕ್ಕಮ್ಮನ ಸೆರಗು ಹಿಡಿದು ಈಚೆ ದಡದಿಂದಲೇ ಆನೆ ಹುಡುಕುತ್ತಾ, ಸುಟ್ಟ ಜೋಳ ತಿನ್ನುತ್ತಾ ಉಳಿದಳು. ಚಿಕ್ಕ ಮಕ್ಕಳನ್ನ ರಾಫ್ಟಿಗೆ ಹತ್ತಿಸಲ್ಲ. ಹತ್ತಿಸ್ತೀವಿ ಅಂದವರ ಹತ್ತಿರ ನೀವೂ ಹತ್ತಬೇಡಿ.

ಮನೆಯಲ್ಲಿ ತಲೆ ತಗ್ಗಿಸಿ ಉಣ್ಣೋ ನಮ್ಮ ತಮ್ಮ ಇಲ್ಲಿ ಬೇರೆಯೇ ಆಗಿದ್ದ. ಎಲ್ಲರ ಲೈಫ್ ಜಾಕೆಟ್ ಹೆಗಲಿನ ಹತ್ತಿರ ಹಿಡಿದು ಮೇಲಕ್ಕೆ ಎಳೆದು ನೋಡಿದ. ಜಾಕೆಟ್ ಕಿವಿಯ ತನಕ ಬಂದರೆ ಸಡಿಲ ಅಂತ ಅರ್ಥ, ಮತ್ತೆ ಬಿಗಿ ಮಾಡ್ತಿದ್ದ. ಚಿಕ್ಕಪ್ಪ ಪಂಚೆ ಬಿಚ್ಚಿ ಅಳಿಯನ ಬರ್ಮುಡಾ ಹಾಕಿಕೊಂಡಿದ್ದರು. ಹೆಲ್ಮೆಟ್ ಹಾಕೋವಾಗ ಅಪ್ಪ ಮಗ ಮುಖ ಮುಖ ನೋಡಲಿಲ್ಲ. “ಅಪ್ಪಾ, ಗದ್ದ ಎತ್ತು” ಅಂದ. ಚಿಕ್ಕಪ್ಪ ಎತ್ತಿದರು. ಎಷ್ಟೋ ದಿನದ ಮೇಲೆ ಅವರಿಬ್ಬರ ನಡುವೆ ಆಗಿದ್ದ ಮೊದಲ ಮಾತು ಅದು ಅಂತ ಚಿಕ್ಕಮ್ಮ ಆಮೇಲೆ ಹೇಳಿದರು.

ಆಮೇಲೆ ಪಾಠ. ನೀರಿಗೆ ಬಿದ್ದರೆ ಎದ್ದು ನಿಲ್ಲೋಕೆ ಹೋಗಬೇಡಿ, ಮೊಣಕಾಲುದ್ದ ನೀರಿದ್ದರೂ ಸರಿ. ಕಾಲು ಬಂಡೆ ಸಂದಿಗೆ ಸಿಕ್ಕಿದರೆ ಹಿಂದಿನ ನೀರು ಬೀಳಿಸಿ ಮುಳುಗಿಸುತ್ತೆ. ಅಂಗಾತ ಮಲಗಿ, ಪಾದ ನೀರು ಹೋಗೋ ಕಡೆಗಿರಲಿ, ಮೂಗು ಮೇಲಿರಲಿ. “ಫಾರ್ವರ್ಡ್ ಅಂದಾಗ ಎಲ್ಲರೂ ಹುಟ್ಟು ಹಾಕಿ. ನೀರಿನಷ್ಟೇ ಸ್ಪೀಡಲ್ಲಿ ಹೋದ್ರೆ ರಾಫ್ಟ್ ನಮ್ಮ ಮಾತು ಕೇಳಲ್ಲ. ನೀರಿಗಿಂತ ಜೋರಾಗಿ ಹೋಗ್ಬೇಕು, ಇಲ್ಲ ನಿಧಾನ ಆಗ್ಬೇಕು, ಆಗಲೇ ತಿರುಗಿಸೋಕಾಗೋದು.” ಇದನ್ನ ಕೇಳಿ ಚಿಕ್ಕಪ್ಪ ತಲೆಯಾಡಿಸಿದ್ದು ನನಗೆ ಕಾಣಿಸ್ತು.

ನಮ್ಮ ಜೊತೆ ಬೆಂಗಳೂರಿನ ಇನ್ನಿಬ್ಬರು ಹುಡುಗರು. ಮೊದಲೆರಡು ಇಳಿಜಾರು ಕೂಗಾಟದಲ್ಲೇ ಕಳೀತು. ಮೂರನೆಯದರಲ್ಲಿ ರಾಫ್ಟಿನ ಮೂತಿ ಮೇಲೆದ್ದು ಬಿತ್ತು, ಮುಂದೆ ಕೂತಿದ್ದ ಹುಡುಗ ಇರಲಿಲ್ಲ. ನಾನು ಕಿರುಚಿದೆನೋ ಇಲ್ಲವೋ ನೆನಪಿಲ್ಲ. ತಮ್ಮ ಕೂಗಿದ್ದು ನೆನಪಿದೆ. “ಅಪ್ಪಾ, ಬಗ್ಗಿ ಗಟ್ಟಿಯಾಗಿ ಹಿಡ್ಕೊ! ಭಾವಾ, ಬ್ಯಾಕ್, ಬ್ಯಾಕ್!” ಹುಡುಗ ಹತ್ತು ಮಾರು ಕೆಳಗೆ ಕಾಣಿಸಿದ, ಹೇಳಿದ ಹಾಗೇ ಅಂಗಾತ ತೇಲ್ತಿದ್ದ. ತಮ್ಮ ಹಗ್ಗದ ಚೀಲ ಎಸೆದ, ಅದು ಅವನ ಎದೆಯ ಮೇಲೇ ಹೋಗಿ ಬಿತ್ತು. ಎಳೆದು, ಜಾಕೆಟ್ಟಿನ ಹೆಗಲು ಹಿಡಿದು, ಒಂದು ಸಲ ನೀರಿಗೆ ಅದುಮಿ, ಆ ಪುಟಿತದಲ್ಲೇ ಮೇಲೆತ್ತಿ ಒಳಗೆ ಹಾಕಿದ. ಎಲ್ಲಾ ಸೇರಿ ಒಂದು ನಿಮಿಷವೂ ಇರಲಿಕ್ಕಿಲ್ಲ. ಹುಡುಗ ಕೆಮ್ಮುತ್ತಾ ನಗ್ತಿದ್ದ. ಚಿಕ್ಕಪ್ಪ ಮಾತ್ರ ನಗಲಿಲ್ಲ, ಮಗನ ಕೈ ನೋಡ್ತಾ ಕೂತಿದ್ದರು.

ನೀರು ಸಮತಟ್ಟಾದ ಮೇಲೆ ಕೇಳಿದರು. “ಎಲ್ಲಿ ಬಂಡೆ ಐತೆ ಅಂತ ಮೇಲಿಂದ ಹೆಂಗ್ ಗೊತ್ತಾಯ್ತದೆ ನಿಂಗೆ?”

ತಮ್ಮ ಹುಟ್ಟಿನಿಂದ ತೋರಿಸಿದ. ನೀರಿನ ಮೇಲೆ ಬಾಣದ ಗುರುತು ಮೂಡುತ್ತಂತೆ. ಬಾಣದ ಚೂಪು ಕೆಳಕ್ಕೆ ಇದ್ದರೆ ಅಲ್ಲಿ ದಾರಿ. ಚೂಪು ನಮ್ಮ ಕಡೆಗೇ ಇದ್ದರೆ ಅಲ್ಲಿ ಕಲ್ಲು. ಆಮೇಲಿನ ದಾರಿಯುದ್ದಕ್ಕೂ ಚಿಕ್ಕಪ್ಪ ಬಾಣ ಹುಡುಕಿದರು. “ಅಲ್ಲೊಂದು ಕಲ್ಲು” “ಇಲ್ಲಿ ದಾರಿ” ಅಂತ ಅವರೇ ಹೇಳ್ತಿದ್ದರು. ಒಂದೆರಡು ಸರಿಯಾದವು.

ಬಟ್ಟೆ ಬದಲಾಯಿಸಿ ಬೈಲಕುಪ್ಪೆಯಲ್ಲಿ ಊಟ. 1960ರ ದಶಕದ ಶುರುವಿನಲ್ಲಿ ಟಿಬೆಟಿಯನ್ನರಿಗೆ ಜಾಗ ಕೊಟ್ಟಾಗ ಇದೆಲ್ಲಾ ಕಾಡು. ಈಗ ನಮ್ಡ್ರೊಲಿಂಗ್ ಮಠದ ಬಂಗಾರದ ಬುದ್ಧರನ್ನ ನೋಡೋಕೆ ಕ್ಯೂ. ಬಿಸಿ ತುಕ್ಪಾ ಬಟ್ಟಲು ನೋಡಿ ಚಿಕ್ಕಮ್ಮ “ಶ್ಯಾವಿಗೆ ಸಾರು” ಅಂತ ಹೆಸರಿಟ್ಟರು, ಎರಡು ಸಲ ಹಾಕಿಸಿಕೊಂಡರು. ಚಿಕ್ಕಪ್ಪ ಮೊಮೊ ಮುಟ್ಟಲಿಲ್ಲ.

ಮರುದಿನ ನಾವು ಬೆಂಗಳೂರಿಗೆ ಹೊರಡಬೇಕಿತ್ತು. ಕೆ.ಆರ್. ನಗರದ ಮೇಲೆ ಹೋಗಿ, ಚುಂಚನಕಟ್ಟೆ ನೋಡಿಕೊಂಡು ಹೋಗಿ ಅಂದರು ಚಿಕ್ಕಪ್ಪ. ಆಮೇಲೆ ಅವರೇ, “ನಾನೂ ಬತ್ತೀನಿ, ಬಸ್ಸಲ್ಲಿ ವಾಪಸ್ ಬತ್ತೀನಿ” ಅಂತ ಕಾರು ಹತ್ತಿದರು. ಬೆಳಿಗ್ಗೆಯೇ ಸೊಪ್ಪು ಇಳಿಸಿ ಆಗಿತ್ತು. ಬಣ್ಣ ನಿಂಬೆ ಹಣ್ಣಿನ ಹಾಗೆ ಬಂದಿತ್ತು. ನಮ್ಮವರು ಅದರ ಫೋಟೋ ತೆಗೆದು ಆಫೀಸ್ ಗ್ರೂಪಿಗೆ ಹಾಕಿದ್ದರು.

ಚುಂಚನಕಟ್ಟೆಯನ್ನ ಮಳೆಗಾಲದಲ್ಲೇ ನೋಡಬೇಕು. ಅದೇ ಕಾವೇರಿ ಇಲ್ಲಿ ಬಂಡೆಗಳ ಮೇಲೆ ಕವಲಾಗಿ ಸುಮಾರು 60 ಅಡಿ ಧುಮುಕುತ್ತಾಳೆ. ಮೇಲೆ ಕೋದಂಡರಾಮನ ಗುಡಿ. ಹೊರಗೆ ಇಷ್ಟು ಅಬ್ಬರವಿದ್ದರೂ ಗರ್ಭಗುಡಿಯಲ್ಲಿ ಜಲಪಾತದ ಸದ್ದು ಕೇಳಿಸೋದಿಲ್ಲ ಅನ್ನೋದು ಇಲ್ಲಿಯ ನಂಬಿಕೆ. ನನ್ನ ಮಗಳು ಒಳಗೆ ಹೋಗಿ, ಹೊರಗೆ ಬಂದು, ಮತ್ತೆ ಒಳಗೆ ಹೋಗಿ ಪರೀಕ್ಷೆ ಮಾಡಿದಳು. ಸಂಕ್ರಾಂತಿ ಹೊತ್ತಿಗೆ ಇಲ್ಲಿ ದೊಡ್ಡ ದನದ ಜಾತ್ರೆ. ಚಿಕ್ಕಪ್ಪ ತಮ್ಮ ಮೊದಲ ಜೋಡಿ ಎತ್ತು ಕೊಂಡಿದ್ದು ಇಲ್ಲೇ.

ಕಂಬಿ ಹಿಡಿದು ನಿಂತು ಅವರು ಬಹಳ ಹೊತ್ತು ನೀರು ನೋಡಿದರು. “ನಿನ್ನೆ ನಮ್ಮನ್ನ ಹೊತ್ಕಂಡಿದ್ದ ನೀರು ಇದೇ ಅಲ್ವಾ?” ಅಂದರು. ಇರಬಹುದು ಅಂದೆ. ಆಮೇಲೆ ನೀರಿನಿಂದ ಕಣ್ಣು ತೆಗೆಯದೆ ಕೇಳಿದರು.

“ಆ ದಾಂಡೇಲಿಲಿ ಅಣೆಕಟ್ಟೆ ನೀರು ಅಂದ್ಯಲ್ಲ. ಮಳೆ ಕೈಕೊಟ್ರೂ ಕೆಲ್ಸ ಇರ್ತದಾ?”

“ಇರುತ್ತಂತೆ ಚಿಕ್ಕಪ್ಪ.”

“ಇನ್ಶೂರೆನ್ಸು?”

“ಮಾಡಿಸ್ತಾರಾ ಅಂತ ಕೇಳಿಸ್ತೀನಿ.”

“ಕೇಳ್ಸು. ಬರ್ದ್ ಕೊಡಾಕ್ ಹೇಳು.” ಸ್ವಲ್ಪ ಹೊತ್ತು ಬಿಟ್ಟು, “ಹರಾಜು ಶುರುವಾಗ್ಲಿ, ಮೊದಲ್ನೇ ಬೇಲ್ ರೇಟ್ ನೋಡ್ಬುಟ್ಟು ಹೇಳ್ತೀನಿ ಅವ್ನಿಗೆ. ನೀ ಈಗ್ಲೇ ಏನೂ ಹೇಳ್ಬೇಡ” ಅಂದರು.

ಕೆ.ಆರ್. ನಗರದ ಬಸ್ ಸ್ಟ್ಯಾಂಡಿನಲ್ಲಿ ಅವರನ್ನ ಇಳಿಸಿ ನಾವು ಮೈಸೂರು ರಸ್ತೆ ಹಿಡಿದೆವು. ನಾನು ಹೇಳಲಿಲ್ಲ. ಮಗಳು ಮೈಸೂರು ಬರೋದರೊಳಗೆ ಮಾಮನಿಗೆ ವಾಯ್ಸ್ ಮೆಸೇಜ್ ಕಳಿಸಿದ್ದಳು.

ತಮ್ಮ ನವೆಂಬರ್ ಕೊನೆಯಲ್ಲಿ ದಾಂಡೇಲಿಗೆ ಹೋದ. ಇನ್ಶೂರೆನ್ಸ್ ಕಾಗದವನ್ನ ಚಿಕ್ಕಪ್ಪ ಪಟ್ಟೆಯ ಜೊತೆಗೇ ಇಟ್ಟಿದ್ದಾರಂತೆ. ಮುಂದಿನ ಸಲ ಒಂದು ಎಕರೆಗೆ ಸೊಪ್ಪು ಬಿಟ್ಟು ಮುಸುಕಿನ ಜೋಳ ಹಾಕೋದು ಅಂತ ಯೋಚನೆ ನಡೆದಿದೆ. ಮೊನ್ನೆ ಚಿಕ್ಕಮ್ಮ ಫೋನ್ ಮಾಡಿದ್ದರು. ಹಿಂದಿನಿಂದ ಚಿಕ್ಕಪ್ಪನ ದನಿ: “ಆಗಸ್ಟ್‌ಗೆ ರಜ ಹಾಕ್ಕಳಕ್ಕೇಳು ಅಳಿಯಂದ್ರಿಗೆ. ರಾತ್ರಿ ಕಾವಲ್ಗೆ ಆಳಿಲ್ಲ.”